ನೈವೇದ್ಯಕ್ಕೆ ಮುಂಚೆ

ಪುಣೆ
೧೭ ಏಪ್ರಿಲ್ ೨೦೨೫

ದೌಂಡದಲ್ಲಿ ತಣ್ಣಗೆ ಕೂತಿರುವ ಬಿಂದುಮಾಧವಣ್ಣನಿಗೆ ತಂಗಿ ರಂಗೂ ಮಾಡುವ ನಮಸ್ಕಾರ.

ಫೋನಿನಲ್ಲಿ ನಾನು ಕಿರುಚುವುದು, ನೀನು ಆ ಕಡೆಯಿಂದ "ಏನಂದೀ? ಏನಂದೀ?" ಎನ್ನುವುದು, ನಮ್ಮ ಗಲ್ಲಿಯವರೆಲ್ಲ ನಿಂತು ನನ್ನ ಸಂಸಾರದ ಸುದ್ದಿ ಕೇಳುವುದು, ಸಾಕಪ್ಪ ಸಾಕು. ನಿನ್ನ ಕಿವಿಗೆ ಪತ್ರವೇ ವಾಸಿ. ನಿಮ್ಮ ಪಕ್ಕದ ಮನೆಯ ದತ್ತು ದಿನಾ ದೌಂಡದಿಂದ ರೈಲಿನಲ್ಲಿ ಇಲ್ಲಿಗೆ ಕೆಲಸಕ್ಕೆ ಬಂದು ಹೋಗುವವನು. ಅವನ ಚೀಲದಲ್ಲಿ ಇದನ್ನೂ ಮೆಂತೆಹಿಟ್ಟಿನ ಡಬ್ಬಿಯನ್ನೂ ಇಟ್ಟು ಕಳಿಸಿದ್ದೇನೆ. ವೈನಿ ಕಳಿಸಿದ ತುಪ್ಪ ಮುಟ್ಟಿತು. ಏನು ಘಮ ಅಂತೀ! ಮುಚ್ಚಳ ತೆಗೆದರೆ ಮನೆಯೆಲ್ಲ ತುಂಬಿತು.

ಈಗ ಸುದ್ದಿ. ಎದುರಿನ ಶಟರ್ ಮತ್ತೆ ತೆರೆದಿದೆ. ಅದರ ಹಣೆಬರಹ ನಿನಗೆ ಗೊತ್ತೇ ಇದೆ. ಮೊದಲು ಪಿಜ್ಜಾ ಬಂತು, ಹೋಯಿತು. ಆಮೇಲೆ ಮೋಮೊ. ಅದೂ ಹೋಯಿತು. ಆಮೇಲೆ ಏನೇನೋ ನಮೂನೆಯ ಚಹಾ ಮಾಡುತ್ತೇನೆ ಎಂದು ಒಬ್ಬ ಗಡ್ಡದ ಹುಡುಗ ಬಂದ. ದೀಪಾವಳಿಗೆ ಬಂದವನು ಯುಗಾದಿ ಕಾಣಲಿಲ್ಲ. ಪ್ರತಿ ಸಲವೂ ಬಲೂನು ಕಟ್ಟುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ, ನನಗೆ ಪೇಢೆ ತಂದು ಕೊಡುತ್ತಾರೆ. ಕೆಲವು ತಿಂಗಳಾದ ಮೇಲೆ ಅವರ ಫ್ರಿಜ್ಜು, ಕುರ್ಚಿ ಟೆಂಪೋ ಹತ್ತುತ್ತವೆ. ನಮ್ಮ ಖಾನಾವಳಿಯ ಕಟ್ಟೆಯ ಮೇಲೆ ಕೂತು ಬಂದದ್ದನ್ನೂ ನೋಡಿದ್ದೇನೆ, ಹೋದದ್ದನ್ನೂ ನೋಡಿದ್ದೇನೆ.

ಈ ಸಲ ಬಂದದ್ದರ ಹೆಸರು ಕೇಳು: "ಹುಬ್ಬಳ್ಳಿ ಊಟ", ನಮ್ಮ ಕಡೆಯ ಹೆಸರು! ನಡೆಸುವವರು ತುಮಕೂರು ಕಡೆಯ ಗಂಡ ಹೆಂಡತಿ, ಮಿಥುನ ಮತ್ತು ಧನುಶ್ರೀ. ಇಬ್ಬರೂ ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದರಂತೆ. ಅದನ್ನು ಬಿಟ್ಟು ಸೌಟು ಹಿಡಿದಿದ್ದಾರೆ. ಬದನೆಕಾಯಿಗೆ ಹಸಿಕೊಬ್ಬರಿ ತುಂಬುವ ಜನ ನನ್ನ ಮೂಗಿನ ಕೆಳಗೆ ಎಣ್ಣೆಗಾಯಿ ಮಾರುತ್ತಾರಂತೆ. ಆ ಹುಡುಗಿ ಪೇಢೆ ಹಿಡಿದು ಬಂದು, "ಆಂಟಿ, ಇವತ್ತು ಓಪನಿಂಗ್. ನಿಮ್ಮ ಆಶೀರ್ವಾದ ಬೇಕು," ಅಂದಳು. "ಬಾಗಲಾ ತೆರದೀರಿ, ಛಲೋ ಆತು. ಮುಚ್ಚೂದು ಯಾವಾಗ?" ಅಂದೆ. ಪಾಪ, ಮುಖ ಸಣ್ಣ ಮಾಡಿಕೊಂಡಳು. ಆಗ ನನ್ನ ಹಿಂದೆ ನಿಂತಿದ್ದ ಸೊಸೆ ನೀಲಿಮಾ ಅವಳಿಗೆ ಕಣ್ಣಿನಲ್ಲೇ ಏನೋ ಸಮಾಧಾನ ಹೇಳಿದಳು. ನಾನು ನೋಡಿದೆ.

ಮಗ ಮಂದಾರ ಬಾರಾಮತಿಯ ಡೇರಿಗೆ ಕೆಲಸಕ್ಕೆ ಹೋದಾಗಿನಿಂದ ಭಾನುವಾರ ಮಾತ್ರ ಮುಖ ತೋರಿಸುತ್ತಾನೆ. ಉಳಿದ ದಿನ ನಾನು, ಸೊಸೆ, ಖಾನಾವಳಿ. ಸೊಸೆ ಒಳ್ಳೆಯವಳೇ ಅನ್ನು. ಆದರೂ ಸಾಸವಡದವಳು, ಮರಾಠಿ ಮನೆಯಲ್ಲಿ ಬೆಳೆದವಳು. ನಮ್ಮ ಒಲೆಯ ರೀತಿ ಅವಳ ರಕ್ತದಲ್ಲಿಲ್ಲ. ನೈವೇದ್ಯವಾಗದೆ ಒಂದು ಹನಿ ಹುಳಿ ನಾಲಿಗೆಗೆ ಸೋಂಕಿಸಿದವಳಲ್ಲ ನಾನು. ಕುದಿಯುವ ಹಬೆಗೆ ಮೂಗು ಹಿಡಿದರೆ ಉಪ್ಪು ಬಿತ್ತೋ ಇಲ್ಲವೋ, ಹುಣಸೆ ಸಾಕೋ ಬೇಕೋ, ಎಲ್ಲ ತಿಳಿಯುತ್ತದೆ. ಅವ್ವ ಕಲಿಸಿದ ವಿದ್ಯೆ. ಎದುರಿನವಳು ಒಲೆಯ ಮುಂದೆಯೇ ನಿಂತು ಚಮಚ ನೆಕ್ಕುತ್ತಾಳೆ, ಕಿಟಕಿಯಿಂದ ಕಾಣುತ್ತದೆ. ಶಿವ ಶಿವಾ.

ನೋಡೋಣ, ಎಷ್ಟು ತಿಂಗಳು ನಡೆಯುತ್ತದೋ.

ನಿನ್ನ ತಂಗಿ
ರಂಗೂ


ದೌಂಡ
೨೩ ಏಪ್ರಿಲ್ ೨೦೨೫

ರಂಗೂ,

ಆಶೀರ್ವಾದ. ನಾನು ತಣ್ಣಗೆ ಕೂತಿದ್ದೇನೆ ಎಂದು ಬರೆದಿದ್ದೀ. ಈ ಬಿಸಿಲಿನಲ್ಲಿ ಒಮ್ಮೆ ಬಂದು ನೋಡು, ರೈಲು ಹಳಿಯ ಮೇಲೆ ಹಪ್ಪಳ ಸುಡಬಹುದು.

ಎದುರಿನವರ ಮೇಲೆ ಯಾಕಷ್ಟು ಕೋಪ? ಹಸಿದವರು ಪುಣೆಯಲ್ಲಿ ಕಡಿಮೆಯಿದ್ದಾರೆಯೇ? ಅವರೂ ಬಡಿಸಲಿ, ನೀನೂ ಬಡಿಸು. ಸೊಸೆ ಯಾರಿಗೋ ಕಣ್ಣಿನಲ್ಲಿ ಸಮಾಧಾನ ಹೇಳಿದ್ದನ್ನು ಪತ್ರದಲ್ಲಿ ಬರೆಯುವಷ್ಟು ನೆನಪಿಟ್ಟುಕೊಂಡಿದ್ದೀಯಲ್ಲ, ನೀನು ಪೊಲೀಸ್ ಇಲಾಖೆಗೆ ಸೇರಬೇಕಿತ್ತು.

ಮೆಂತೆಹಿಟ್ಟು ತಿನ್ನುತ್ತಿದ್ದೇವೆ. ಇಂಗು ಸ್ವಲ್ಪ ಮುಂದಾಗಿದೆ ಎಂದು ನಿನ್ನ ವೈನಿ ಅಂದಳು. ಅಂದಳು ಎಂದು ನಾನು ತಿಳಿದುಕೊಂಡೆ, ತುಟಿ ಆಡಿದ್ದು ಕಂಡಿತು. ಮಾಘದಲ್ಲಿ ನಿನಗೆ ಬಂದಿದ್ದ ಜ್ವರದ ನಿಶ್ಶಕ್ತಿ ಪೂರ್ತಿ ಹೋಯಿತೇ? ಅದನ್ನು ಬರೆಯಲೇ ಇಲ್ಲ.

ಬಿಂದುಮಾಧವ


ಪುಣೆ
೧೯ ಮೇ ೨೦೨೫

ಅಣ್ಣಾ,

ನಮಸ್ಕಾರ ಕೊನೆಗೆ ಮಾಡುತ್ತೇನೆ, ಮೊದಲು ಇದನ್ನು ಓದು. ಪೊಲೀಸ್ ಇಲಾಖೆ ಎಂದು ನಗೆಯಾಡಿದೆಯಲ್ಲ, ಈಗ ಸಾಕ್ಷಿ ಸಮೇತ ಬರೆಯುತ್ತಿದ್ದೇನೆ. ನನ್ನ ಮನೆಯಲ್ಲಿ ಕಳ್ಳರಿದ್ದಾರೆ.

ಎದುರಿನ ಅಂಗಡಿ ಬಿದ್ದುಹೋಗುತ್ತದೆ ಎಂದಿದ್ದೆ. ಬೀಳಲಿಲ್ಲ. ಮಧ್ಯಾಹ್ನ ನೋಡಿದರೆ ಬಾಗಿಲಿನ ತನಕ ಜನ. ನಮ್ಮಲ್ಲಿ ಉಣ್ಣುತ್ತಿದ್ದ ಕಾಲೇಜಿನ ಹುಡುಗರು ನನ್ನ ಕಣ್ಣು ತಪ್ಪಿಸಿ ಆ ಕಡೆ ದಾಟುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಶ್ರೀಕಂಠಯ್ಯನವರು ಮಾತ್ರ ಇನ್ನೂ ನನ್ನ ಪಂಕ್ತಿಯಲ್ಲಿದ್ದಾರೆ. ಅವರೂ ಈಚೆಗೆ, "ರಂಗೂಬಾಯಿಯವರೇ, ಎದುರುಗಡೆ ಹುಳಿ ಹೆಚ್ಚುಕಮ್ಮಿ ನಿಮ್ಮ ಹಳೇ ರುಚೀನೇ ಕಣ್ರೀ," ಅಂದರು. ತುಮಕೂರಿನವರ ಕೈಗೆ ನನ್ನ ರುಚಿ ಎಲ್ಲಿಂದ ಬಂತು? ಅವರು "ಹಳೇ ರುಚಿ" ಎಂದರಲ್ಲ, ಹಾಗೆಂದರೇನು? ಈಗ ನನ್ನ ರುಚಿ ಹೊಸದಾಗಿದೆಯೇ? ಅವರಿಗೂ ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ ಹಾಗಿತ್ತು.

ಅಂದಿನಿಂದ ಕಣ್ಣಿಟ್ಟೆ. ಕಳೆದ ಮಂಗಳವಾರ ದೇವರ ಮುಂದೆ ದೀಪ ಹಚ್ಚಿ, ಎಣ್ಣೆ ಮರೆತೆ ಎಂದು ಅಡಿಗೆಮನೆಗೆ ತಿರುಗಿ ಬಂದೆ. ನೀಲಿಮಾ ಹುಳಿಯ ಪಾತ್ರೆಗೆ ಬಗ್ಗಿದ್ದಾಳೆ, ಕೈಯಲ್ಲಿ ಚಮಚ. ನೈವೇದ್ಯ ಇನ್ನೂ ಆಗಿಲ್ಲ! ನನ್ನನ್ನು ಕಂಡು ಚಮಚ ಸೆರಗಿನಲ್ಲಿ ಮರೆಮಾಡಿದಳು. "ಏನ್ ಮಾಡ್ಲಿಕ್ಕತ್ತೀ?" ಅಂದೆ. "ಏನಿಲ್ರಿ ಅತ್ಯಾ, ನೊಣಾ ಬಿದ್ದಿತ್ತೇನೋ ಅಂತ ನೋಡಿದೆ," ಅಂದಳು. ನೊಣವಂತೆ.

ಅಷ್ಟೇ ಅಲ್ಲ. ನಾನು ದೇವರ ಕೋಣೆಯಲ್ಲಿ ಮಂತ್ರ ಹೇಳಿಕೊಳ್ಳುವ ಹೊತ್ತಿಗೆ ಹಿತ್ತಲ ಬಾಗಿಲು ಕಿರ್ರೆನ್ನುತ್ತದೆ. ಗುರುವಾರ ಮಂತ್ರ ಬಾಯಲ್ಲೇ ಇಟ್ಟುಕೊಂಡು ಎದ್ದು ನೋಡಿದೆ. ಸೆರಗಿನ ಕೆಳಗೆ ಮುಚ್ಚಿದ ಪಾತ್ರೆ ಹಿಡಿದುಕೊಂಡು ಸೊಸೆ ಗಲ್ಲಿ ದಾಟಿ ಬರುತ್ತಿದ್ದಾಳೆ, ಎದುರಿನವರ ಬಾಗಿಲಲ್ಲಿ ಆ ಧನುಶ್ರೀ ನಿಂತು ಕೈ ಆಡಿಸುತ್ತಿದ್ದಾಳೆ! ನನ್ನ ಹುಳಿಯನ್ನು ತೋರಿಸಲು ಒಯ್ದು ಪಾತ್ರೆ ತಿರುಗಿ ತರುತ್ತಿದ್ದಾಳೆ, ಇನ್ನೇನು? ಇವಳು ರುಚಿ ಹೇಳುತ್ತಾಳೆ, ಅವಳು ನೋಡಿ ಕಲಿಯುತ್ತಾಳೆ. ನಾನು ಮುದುಕಿ ಮಂತ್ರ ಹೇಳುತ್ತಾ ಕೂತಿರುತ್ತೇನೆ.

ತನಿಖೆಗೆಂದೇ ದತ್ತುವಿನ ಕೈಯಲ್ಲಿ ಎದುರಿನ ಊಟದ ಪಾರ್ಸೆಲ್ ತರಿಸಿದೆ. ಹೋಟೆಲ್ ಅನ್ನ ಮುಟ್ಟಿದ್ದಕ್ಕೆ ಆಮೇಲೆ ಸ್ನಾನ ಮಾಡಿದೆ, ಆ ಮಾತು ಬೇರೆ. ಅಣ್ಣಾ, ಕಾಗದ ಅಗಿದ ಹಾಗಿತ್ತು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಇದಕ್ಕೆ ಜನ ಸಾಲು ಹಚ್ಚುತ್ತಾರೆಯೇ? ಯಾರನ್ನೋ ಕರೆತಂದು ಸುಮ್ಮನೆ ನಿಲ್ಲಿಸುತ್ತಿರಬೇಕು. ದತ್ತು ಮಾತ್ರ ಉಳಿದದ್ದನ್ನು ಬೆರಳು ನೆಕ್ಕಿ ತಿಂದ. ಅವನ ಮೇಲೂ ನನಗೀಗ ಪೂರ್ತಿ ನಂಬಿಕೆಯಿಲ್ಲ. ಅದಕ್ಕೇ ಈ ಲಕೋಟೆಗೆ ಮೂರು ಕಡೆ ಅಂಟು ಹಚ್ಚಿದ್ದೇನೆ.

ಏನು ಮಾಡಲಿ, ಹೇಳು. ನನ್ನ ಗಂಡ ಹೋದ ಮೇಲೆ ಈ ಖಾನಾವಳಿ ಒಂದೇ ನನಗೆ ಉಳಿದದ್ದು. ಇದನ್ನು ಮನೆಯವರೇ ಎದುರಿನವರ ಕೈಗೆ ಕೊಟ್ಟರೆ ನಾನು ಹೇಗೆ ಸಹಿಸಲಿ?

ಈಗ ನಮಸ್ಕಾರ.

ರಂಗೂ


ದೌಂಡ
೨೬ ಮೇ ೨೦೨೫

ರಂಗೂ,

ನಿನ್ನ ಪತ್ರ ಎರಡು ಸಲ ಓದಿದೆ. ಲಕೋಟೆ ಬಿಡಿಸಲು ಮಾತ್ರ ಬಹಳ ಹೊತ್ತು ಹಿಡಿಯಿತು.

ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತಿದ್ದೂ ಒಂದು ಮಾತು ಬರೆಯುತ್ತೇನೆ. ನಾವು ಕಳಿಸಿದ ತುಪ್ಪ ಘಮಘಮ ಎಂದು ಬರೆದಿದ್ದೆ. ಆ ತುಪ್ಪ ಕೆಟ್ಟಿತ್ತು. ನಿನ್ನ ವೈನಿ ಕನ್ನಡಕ ಹಾಕಿಕೊಳ್ಳದೆ ಹಳೆಯ ಬರಣಿಯನ್ನೇ ಕಟ್ಟಿ ಕೊಟ್ಟಿದ್ದಳು. ಆ ಬರಣಿ ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ನೀನು ಬೈದು ಪತ್ರ ಬರೆಯುತ್ತೀ ಎಂದು ಅವಳು ನಾಚಿಕೊಂಡು ಕಾಯುತ್ತಿದ್ದಳು. ನೀನು ಹೊಗಳಿ ಬರೆದೆ. ಮೊದಲಿಗೆ ನೀನು ವೈನಿಯ ಮನಸ್ಸು ನೋಯಿಸಬಾರದೆಂದು ಹಾಗೆ ಬರೆದಿರಬೇಕು ಎಂದುಕೊಂಡೆವು. ಆಮೇಲೆ ನಾನು ಯೋಚಿಸಿದೆ. ವೈನಿಯ ಮನಸ್ಸು ನೋಯಬಾರದೆಂದು ನೀನು ಎಂದಾದರೂ ಮಾತು ನುಂಗಿದವಳೇ?

ಮೆಂತೆಹಿಟ್ಟಿಗೆ ಇಂಗು ಎರಡು ಸಲ ಬಿದ್ದಿದೆ. ಜನ ಮುಗಿಬಿದ್ದು ತಿನ್ನುವ ಊಟ ನಿನಗೆ ಕಾಗದದ ಹಾಗೆ ಹತ್ತಿತು. ನಿಜ ಹೇಳು, ಜ್ವರ ಬಂದಾಗಿನಿಂದ ನಿನಗೆ ವಾಸನೆ ತಿಳಿಯುತ್ತಿದೆಯೇ?

ನನ್ನ ಕಿವಿ ಹೋದ ಹೊಸದರಲ್ಲಿ ಮನೆಯವರೆಲ್ಲ ನನ್ನ ಬೆನ್ನ ಹಿಂದೆ ಪಿಸುಗುಡುತ್ತಾರೆ ಎಂದು ನನಗೂ ಅನಿಸುತ್ತಿತ್ತು. ಅವರು ಮಾಮೂಲಿ ದನಿಯಲ್ಲೇ ಮಾತಾಡುತ್ತಿದ್ದರು. ಸೊಸೆಯ ಕಡೆ ಬೆರಳು ಮಾಡಿ ತೋರಿಸುವ ಮೊದಲು ಒಬ್ಬ ಡಾಕ್ಟರಿಗೆ ಮೂಗು ತೋರಿಸು.

ಬಿಂದುಮಾಧವ


ಪುಣೆ
೩೦ ಜೂನ್ ೨೦೨೫

ಅಣ್ಣನಿಗೆ,

ಒಂದು ತಿಂಗಳು ಬೇಕೆಂದೇ ಬರೆಯಲಿಲ್ಲ. ನನ್ನ ಮೂಗು ನೆಟ್ಟಗಿದೆ. ನಾಲಿಗೆಯೂ ನೆಟ್ಟಗಿದೆ. ಜ್ವರವಾದ ಮೇಲೆ ಬಾಯಿ ಸ್ವಲ್ಪ ಕೆಟ್ಟಿದ್ದರೆ ಅದು ಎಲ್ಲರಿಗೂ ಆಗುವಂಥದ್ದು, ವಯಸ್ಸಿನದು. ನೀಲಿಮಾ ನಿನಗೆ ಏನು ಬರೆದಳು? ಅವಳು ಬರೆಯದೆ ನಿನ್ನ ತಲೆಗೆ ಇದು ಹೊಳೆಯುವುದಲ್ಲ. ಅವಳಿಗೆ ಕನ್ನಡ ಬರೆಯಲು ಬರುವುದಿಲ್ಲ, ನಿಜ. ಮಂದಾರನಿಂದ ಬರೆಸಿರಬೇಕು. ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಲು ಎಲ್ಲರೂ ಸೇರಿದ್ದೀರಿ ಅನ್ನು.

ಪಾಲಖಿಯ ವಾರದಲ್ಲಿ ನೀಲಿಮಾ ಸಾಸವಡಕ್ಕೆ ಹೋದಳು. ಅವಳ ತವರಿನವರು ಪಾಲಖಿಯ ಜೊತೆ ಪಂಢರಪುರಕ್ಕೆ ನಡೆದುಹೋಗುವ ವಾರಕರಿಗಳಿಗೆ ಊಟ ಹಾಕುತ್ತಾರೆ, ಪ್ರತಿ ವರ್ಷ ಹೋಗುತ್ತಾಳೆ. ಹೋಗುವಾಗ ಬಾಗಿಲಲ್ಲಿ ನಿಂತು, "ಅತ್ಯಾ, ನಾ ಬರೂತನಾ ಖಾನಾವಳಿ ಬಂದ್ ಇಡೂಣೇನ್ರಿ? ನಿಮಗೂ ಆರಾಮ ಆಗ್ತದ," ಅಂದಳು. ಬಂದ್! ನಾನು ಬಾಣಂತನದಲ್ಲೂ ಬಂದ್ ಇಟ್ಟವಳಲ್ಲ. ಎದುರಿನವರಿಗೆ ಅನುಕೂಲವಾಗಲಿ ಎಂದಲ್ಲದೆ ಮತ್ತೇಕೆ ಹಾಗೆ ಕೇಳುತ್ತಾಳೆ?

ಅವಳು ಹೋದ ಮಾರನೆಯ ದಿನವೇ ಆಟ ಶುರುವಾಯಿತು. ಒಬ್ಬ ಹುಡುಗ ಮೊದಲ ತುತ್ತಿಗೇ ಎದ್ದು ನೀರು ಕುಡಿಯಲು ಓಡಿದ. ಇನ್ನಿಬ್ಬರು ಮುಖ ಮುಖ ನೋಡಿಕೊಂಡು ಕೈ ತೊಳೆದರು. ಕೊನೆಗೆ ಶ್ರೀಕಂಠಯ್ಯನವರು ತಟ್ಟೆ ದೂರ ಸರಿಸಿ, "ಕ್ಷಮಿಸಿ ರಂಗೂಬಾಯಿಯವರೇ, ನನಗೆ ಬಿಪಿ ಇದೆ, ಇಷ್ಟು ಉಪ್ಪು ತಿನ್ನಕ್ಕಾಗಲ್ಲ," ಅಂದರು. ಅವರು ನನ್ನ ಪಂಕ್ತಿಯಲ್ಲಿ ಎಷ್ಟು ವರ್ಷದಿಂದ ಉಣ್ಣುತ್ತಿದ್ದಾರೆ ಎಂಬುದು ನಿನಗೂ ಗೊತ್ತು. ಅವಳಿದ್ದಾಗ ಯಾರೂ ಸೊಲ್ಲೆತ್ತಲಿಲ್ಲ, ಅವಳು ಬೆನ್ನು ತಿರುಗಿಸಿದ ಕೂಡಲೇ ಎಲ್ಲರಿಗೂ ಉಪ್ಪು ಹೆಚ್ಚಾಯಿತು. ಹೋಗುವ ಮುಂಚೆ ಎಲ್ಲರಿಗೂ ಹೇಳಿಕೊಟ್ಟು ಹೋಗಿದ್ದಾಳೆ. ಇಷ್ಟು ತಿಳಿಯದಷ್ಟು ದಡ್ಡಿಯಲ್ಲ ನಾನು.

ತಿರುಗಿ ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. "ನೈವೇದ್ಯಕ್ಕ ಮೊದಲ ಎಂಜಲಾ ಮಾಡ್ತಿದ್ದಿ, ಹೌದೋ ಅಲ್ಲೋ? ದಿನಾ ಎದುರಿಗೆ ಹೋಗ್ತಿದ್ದಿ, ಹೌದೋ ಅಲ್ಲೋ?" ಎರಡಕ್ಕೂ "ಹೌದ್ರಿ" ಅಂದಳು. "ಯಾಕ?" ಅಂದೆ. ನೆಲ ನೋಡುತ್ತಾ ನಿಂತಳು. ಕಣ್ಣಲ್ಲಿ ನೀರು ಬಂತೇ ಹೊರತು ಬಾಯಿ ಬಿಡಲಿಲ್ಲ. ತಪ್ಪಿಲ್ಲದವಳು ಸುಮ್ಮನೆ ನಿಲ್ಲುತ್ತಾಳೆಯೇ? ಮಂದಾರನನ್ನು ಕರೆಸಿ, ನಿನ್ನ ಹೆಂಡತಿಯನ್ನು ಬಾರಾಮತಿಗೆ ಕರೆದುಕೊಂಡು ಹೋಗು ಅಂದೆ. ಅವನು ನನ್ನ ಜೊತೆ ಜಗಳಾಡಿದ. ಅವಳೇ ಅವನನ್ನು ಸುಮ್ಮನಿರಿಸಿ, ಚೀಲ ಎತ್ತಿಕೊಂಡು ಹೋದಳು.

ಈಗ ಅಡಿಗೆಮನೆಯಲ್ಲಿ ನಾನೊಬ್ಬಳೇ. ಹಿತ್ತಲ ಬಾಗಿಲಿಗೆ ಬೀಗ ಹಾಕಿದ್ದೇನೆ.

ರಂಗೂಬಾಯಿ


ದೌಂಡ
೫ ಜುಲೈ ೨೦೨೫

ರಂಗೂ,

ನನಗೆ ಯಾರೂ ಏನೂ ಬರೆದಿಲ್ಲ. ಬರೆದದ್ದು ನೀನೊಬ್ಬಳೇ. ನಿನ್ನ ಪತ್ರಗಳನ್ನೇ ಓದಿ ನನಗೆ ಅನಿಸಿದ್ದನ್ನು ಹೇಳಿದೆ.

ಇನ್ನು ಹೇಳುವುದಿಲ್ಲ. ನಿನ್ನ ಅಡಿಗೆ ನೀನೇ ಮಾಡು, ಬಡಿಸು, ಬಂದವರ ಮುಖ ನೋಡು. ಒಂದು ಮಾತ್ರ ಕೇಳುತ್ತೇನೆ. ಗ್ಯಾಸ್ ಬಂದ್ ಮಾಡಿದ ಮೇಲೆ ಗುಂಡಿಯನ್ನು ಕೈಯಿಂದ ಇನ್ನೊಮ್ಮೆ ಮುಟ್ಟಿ ನೋಡು. ಸಿಟ್ಟಿನಿಂದ ಬರೆಯುತ್ತಿಲ್ಲ, ನನಗೆ ಹೆದರಿಕೆಯಾಗಿದೆ.

ಬಿಂದುಮಾಧವ


ಪುಣೆ
೨ ಆಗಸ್ಟ್ ೨೦೨೫

ಅಣ್ಣಾ,

ಖಾನಾವಳಿಯ ಶಟರ್ ಇಳಿಸಿದ್ದೇನೆ. ಕಟ್ಟೆಯ ಮೇಲೆ ಕೂತು ಎದುರಿನವರನ್ನು ನೋಡುತ್ತಿದ್ದವಳು ನಾನು. ಈಗ ಅವರು ಬಾಗಿಲಿಗೆ ಬಂದು ನನ್ನನ್ನು ನೋಡಿದರು.

ಜುಲೈ ತುಂಬ ಜನ ಒಬ್ಬೊಬ್ಬರಾಗಿ ಕಡಿಮೆಯಾದರು. ಆದರೂ ಹಟ ಬಿಡಲಿಲ್ಲ. ನಿನ್ನೆ ಬೆಳಿಗ್ಗೆ ಹುಳಿ ಇಳಿಸಿ ದೇವರ ಕೋಣೆಗೆ ಹೊರಟಿದ್ದೆ. ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಧನುಶ್ರೀ, ಕೈಯಲ್ಲಿ ಮುಚ್ಚಿದ ಪಾತ್ರೆ.

"ಆಂಟಿ, ಬೈಬೇಡಿ. ನೀಲಿಮಾ ಅಕ್ಕ ಎಲ್ಲಿ? ಕಾಣಿಸ್ತಾನೇ ಇಲ್ಲ. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ದಿನಾ ಬೇಳೆ ಎತ್ತಿಡ್ತೀನಿ. ಅದಕ್ಕೆ ನಾನೇ ತಂದೆ."

"ಯಾತರ ಬ್ಯಾಳಿ?"

"ಸಪ್ಪೆ ಬೇಳೆ ಆಂಟಿ. ಬೇಯಿಸಿದ್ದು. ನಿಮ್ಮ ಹುಳಿಗೆ..." ಅಂದು ನಿಲ್ಲಿಸಿದಳು. ನನಗೆ ಗೊತ್ತಿಲ್ಲ ಎಂಬುದು ಅವಳಿಗೆ ಆಗಲೇ ತಿಳಿದದ್ದು.

ಕೈ ಹಿಡಿದು ಒಳಗೆ ಕೂರಿಸಿ ಕೇಳಿದೆ. ಬಿಡದೆ ಕೇಳಿದ ಮೇಲೆ ಎಲ್ಲ ಹೇಳಿದಳು. ಮಾಘದ ಜ್ವರವಾದ ಮೇಲೆ ನಾನು ಉಪ್ಪು ಹಾಕಿದ್ದು ನನಗೇ ತಿಳಿಯದೆ ಮತ್ತೆ ಹಾಕುತ್ತಿದ್ದೆನಂತೆ. ನಾನು ದೇವರ ಕೋಣೆಗೆ ಹೋದ ಕೂಡಲೇ ನೀಲಿಮಾ ರುಚಿ ನೋಡುತ್ತಿದ್ದಳು. ಮೊದಮೊದಲು ನೀರು, ಹುಣಸೆರಸ ಹಾಕಿ ಸರಿಮಾಡುತ್ತಿದ್ದಳು. ಅಷ್ಟಕ್ಕೆ ಸರಿಹೋಗದ ದಿನ ಎದುರಿಗೆ ಓಡಿ ಸಪ್ಪೆ ಬೇಳೆ ತಂದು ಬೆರೆಸುತ್ತಿದ್ದಳು. ನಮ್ಮ ಒಲೆಯ ಮೇಲೆ ಬೇಯಿಸಿದರೆ ನನ್ನ ಕಣ್ಣಿಗೆ ಬೀಳುತ್ತದಲ್ಲ. ಅಣ್ಣಾ, ನನ್ನ ಹುಳಿ ಒಂದು ದಿನವೂ ಗಲ್ಲಿ ದಾಟಿಲ್ಲ. ಅವರ ಬೇಳೆ ನನ್ನ ಮನೆಗೆ ಬರುತ್ತಿತ್ತು. ಪಾತ್ರೆ ಹೊರಗೆ ಹೋಗಿದ್ದನ್ನು ನಾನು ಕಂಡೇ ಇರಲಿಲ್ಲ, ಒಳಗೆ ಬಂದದ್ದನ್ನಷ್ಟೇ ಕಂಡಿದ್ದೆ.

"ನಮ್ಮ ರುಚಿ ನಿಮಗ ಹ್ಯಾಂಗ ಬಂತು?" ಎಂದೂ ಕೇಳಿದೆ. "ಹಾಸ್ಟೆಲ್‌ನಲ್ಲಿದ್ದಾಗ ನಾನು ನಿಮ್ಮಲ್ಲೇ ಊಟ ಮಾಡ್ತಿದ್ದೆ ಆಂಟಿ. ನಿಮಗೆ ನೆನಪಿಲ್ಲ. ಆ ರುಚಿ ಬರೋ ತನಕ ಮನೇಲಿ ಮಾಡಿ ಮಾಡಿ ನೋಡ್ದೆ," ಅಂದಳು. ನಾನು ಅವಳ ಮುಖ ನೋಡಿದೆ. ನಿಜವಾಗಿಯೂ ನೆನಪಾಗಲಿಲ್ಲ.

ಕೊನೆಯ ಮಾತೊಂದಿದೆ. ಧನುಶ್ರೀ ಒಮ್ಮೆ ನೀಲಿಮಾಳನ್ನು ಕೇಳಿದಳಂತೆ, "ಅಕ್ಕ, ಪೂಜೆ ಆದ್ಮೇಲೆ ಸರಿ ಮಾಡ್ಬಹುದಲ್ವಾ? ಯಾಕೆ ಮುಂಚೇನೇ ರುಚಿ ನೋಡಿ ಬೈಸ್ಕೊಳ್ತೀರ?" ಅಂತ. ಅದಕ್ಕೆ ನೀಲಿಮಾ, "ನಮ್ಮ ಅತ್ಯಾರ ಕೈ ಕೆಟ್ಟದ ಅಂತ ದೇವರಿಗೂ ಗೊತ್ತಾಗಬಾರದು," ಅಂದಳಂತೆ.

ಇವಳನ್ನು ನಾನು ಬಾಗಿಲಲ್ಲಿ ನಿಲ್ಲಿಸಿ ಕಳ್ಳಿ ಅಂದೆ. ಅವಳು ಬಾಯಿ ಬಿಟ್ಟಿದ್ದರೆ ನನ್ನ ಮೂಗಿನ ಸುದ್ದಿ ಹೇಳಬೇಕಾಗುತ್ತಿತ್ತು. ಅದಕ್ಕೇ ಬಿಡಲಿಲ್ಲ.

ಧನುಶ್ರೀ ಹೋದ ಮೇಲೆ ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ಏನೂ ಇಲ್ಲ, ಅಣ್ಣಾ. ಹಿಟ್ಟು ಮೂಸಿದ ಹಾಗೆ. ನನಗೆ ಇದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ, ನಾಳೆ ಸರಿಹೋಗುತ್ತದೆ, ನಾಡಿದ್ದು ಸರಿಹೋಗುತ್ತದೆ ಎಂದು ಎಲ್ಲರ ಮೇಲೂ ಕಣ್ಣಿಟ್ಟುಕೊಂಡು ದಿನ ಕಳೆದೆ. ನನಗೆ ಬಹಳ ಹೆದರಿಕೆಯಾಗಿತ್ತು.

ಸೋಮವಾರ ದತ್ತು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಈ ಲಕೋಟೆಗೆ ಅಂಟು ಹಚ್ಚಿಲ್ಲ.

ರಂಗೂ


ಪುಣೆ
೩ ಆಗಸ್ಟ್ ೨೦೨೫

ಮಗಳೇ ನೀಲಿಮಾ,

ನಿನಗೆ ಕನ್ನಡ ಓದಲು ಬರುವುದಿಲ್ಲ, ಮಂದಾರ ಓದಿ ಹೇಳಲಿ. ಅವನ ಕಿವಿಗೂ ಬೀಳಬೇಕಾದ ಮಾತೇ ಇದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ದನಿ ಯಾವಾಗಲೂ ಬೈದ ಹಾಗೆಯೇ ಬರುತ್ತದೆ.

ಧನುಶ್ರೀ ಎಲ್ಲ ಹೇಳಿದಳು. ಅವಳ ಮೇಲೆ ಕೋಪ ಮಾಡಬೇಡ, ನಾನೇ ಬಾಯಿ ಬಿಡಿಸಿದೆ. ನಿನ್ನ ಮೇಲೆ ನಾನು ಹೊರಿಸಿದ್ದೆಲ್ಲ ಸುಳ್ಳು. ನನ್ನದು ತಪ್ಪಾಯಿತು. ಈ ಮಾತನ್ನು ಮಂದಾರ ಎರಡು ಸಲ ಓದಲಿ.

ಮನೆಗೆ ಬಾ. ಖಾನಾವಳಿ ತೆರೆಯುವುದು ಬಿಡುವುದು ನೀನು ಬಂದ ಮೇಲೆ ನಿರ್ಧಾರವಾಗಲಿ. ತೆರೆಯುವುದಾದರೆ ಒಲೆಯ ಮುಂದೆ ನಾನು ನಿಲ್ಲುತ್ತೇನೆ, ಚಮಚ ಹಿಡಿದು ನನ್ನ ಪಕ್ಕದಲ್ಲಿ ನೀನು ನಿಲ್ಲಬೇಕು. ಸೆರಗಿನಲ್ಲಿ ಮುಚ್ಚಿಕೊಂಡಲ್ಲ, ಎಲ್ಲರ ಎದುರಿಗೆ.

ದೇವರ ಚಿಂತೆ ನಿನಗೆ ಬೇಡ. ನೀನು ಅವನಿಂದ ಮುಚ್ಚಿಟ್ಟದ್ದನ್ನು ನಾನೇ ಹೇಳಿಬಿಟ್ಟೆ. ಇವತ್ತು ಬೆಳಿಗ್ಗೆ ದೀಪ ಹಚ್ಚಿ ಎದುರಿಗೆ ಕೂತು, "ನನಗ ವಾಸನಿ ತಿಳೀವಲ್ಲದು, ರುಚೀನೂ ತಿಳೀವಲ್ಲದು. ಇಷ್ಟ ದಿನಾ ನೀ ಉಂಡದ್ದು ನನ್ನ ಸೊಸಿ ತಿದ್ದಿದ ಅಡಗಿ. ಇನ್ನ ಮ್ಯಾಲೆ ಆಕಿ ಮೊದಲ ರುಚಿ ನೋಡ್ತಾಳ, ಆಮ್ಯಾಲ ನಿನಗ," ಅಂದೆ. ಅವನು ಬೇಡ ಅನ್ನಲಿಲ್ಲ.

ನೀನು ಬರುವ ತನಕ ಅವನಿಗೂ ನನಗೂ ಬರೀ ಹಾಲು ಸಕ್ಕರೆ. ಬೇಗ ಬಾ.

ನಿನ್ನ ಅತ್ತೆ
ರಂಗೂಬಾಯಿ